ಟ್ರಯಲ್ ಗಾಡಿಯಲ್ಲಿ ಎರಡು ರಾತ್ರಿ

ನನಗೆ ಒಂದು ಕಡೆ ಕೂರಲು ಬರುವುದಿಲ್ಲ. ಕಾಲೇಜಿನ ಸ್ಟಾಫ್ ರೂಮಿನಲ್ಲಿ ಉಳಿದವರು ಒಂದು ಕಪ್ ಚಹಾ ಮುಗಿಸುವಷ್ಟರಲ್ಲಿ ನಾನು ಎರಡು ಸಲ ಎದ್ದು ಕಿಟಕಿಯವರೆಗೆ ಹೋಗಿ ಬಂದಿರುತ್ತೇನೆ. ಧಾರವಾಡದ ಸಪ್ತಾಪುರದಲ್ಲಿರುವ ನಮ್ಮ ಮನೆಯ ಮಾಲಕಿ, "ಕಾಲಿಗೆ ಗಾಲಿ ಕಟಗೊಂಡೀರೇನ್ರಿ ಮೇಡಂ?" ಎಂದು ನಗುತ್ತಾರೆ. ನಾನೂ ನಗುತ್ತೇನೆ. ಈ ಚಡಪಡಿಕೆ ಹತ್ತಿದ್ದು ರಜೆಗಳಿಂದ ಎಂದರೆ ಯಾರು ನಂಬುತ್ತಾರೆ? ರಜೆ ಎಂದರೆ ಜನ ಆರಾಮಾಗಿ ಕೂರುವುದು. ನಮ್ಮ ಮನೆಯ ರಜೆಯ ಲೆಕ್ಕವೇ ಬೇರೆ.

ಅಪ್ಪನದು ಹುಬ್ಬಳ್ಳಿಯ ಬೆಂಗೇರಿಯಲ್ಲಿ ಡೀಸೆಲ್ ಗಾಡಿಗಳ ಗ್ಯಾರೇಜು. ನಮ್ಮದು ಮನೆಯೊಳಗೂ ಕನ್ನಡವನ್ನೇ ಆಡುವ ಪಿಂಜಾರ ಮನೆತನ. ಅಜ್ಜ ಬಿಲ್ಲಿನಿಂದ ಹತ್ತಿ ಹಿಂಜಿ ಗಾದಿ ಹೊಲಿಯುತ್ತಿದ್ದ, ಅಪ್ಪ ಆ ಬಿಲ್ಲು ಬಿಟ್ಟು ನಟ್ಟು ಬಿಚ್ಚುವ ಪಾನಾ ಹಿಡಿದ. ಎಂಜಿನ್ ಕಟ್ಟುವುದರಲ್ಲಿ ಅವನ ಕೈ ಚೆನ್ನಾಗಿತ್ತು. ಎಂಜಿನ್ ಕಟ್ಟುವುದೆಂದರೆ ಅದನ್ನು ಪೂರ್ತಿ ಬಿಚ್ಚಿ, ಸಿಲಿಂಡರ್ ಕೊರೆಸಿ, ಹೊಸ ಪಿಸ್ಟನ್ ಹಾಕಿ ಮತ್ತೆ ಜೋಡಿಸುವುದು. ಹಾಗೆ ಕಟ್ಟಿದ ಎಂಜಿನ್ ಮೊದಮೊದಲು ಬಿಗಿಯಾಗಿರುತ್ತದೆ. ಕೆಲವು ನೂರು ಕಿಲೋಮೀಟರು ಅದನ್ನು ಮೆಲ್ಲಗೆ ಓಡಿಸಿ ಪಳಗಿಸಬೇಕು. ನಲವತ್ತರ ಮೇಲೆ ಹೋಗುವಂತಿಲ್ಲ. ಅವಸರ ಮಾಡಿದರೆ ಎಂಜಿನ್ ಕಾದು, ನಡುದಾರಿಯಲ್ಲಿ ಜಾಮ್ ಆಗಿ ನಿಂತುಬಿಡುತ್ತದೆ. ಬೇರೆ ಮೇಸ್ತ್ರಿಗಳು ಈ ಕೆಲಸವನ್ನು ಮಾಲಕರಿಗೇ ಬಿಡುತ್ತಿದ್ದರು. ಅಪ್ಪ ಬಿಡುತ್ತಿರಲಿಲ್ಲ. "ಮಾಲಕರಿಗೆ ತಾಳ್ಮಿ ಇರೂದಿಲ್ಲ. ನಾಳೆ ಗಾಡಿ ಕೆಟ್ಟರ ಹೆಸರು ನಂದು ಕೆಡತೈತಿ," ಎನ್ನುತ್ತಿದ್ದ. "ಎರಡು ದಿನ ಟ್ರಯಲ್ ನೋಡಿ ಕೊಡತೇನ್ರಿ" ಎಂದು ಅವರಿಗೆ ಹೇಳಿ ಗಾಡಿಯನ್ನು ಇಟ್ಟುಕೊಳ್ಳುತ್ತಿದ್ದ.

ಆ ಟ್ರಯಲ್ಲೇ ನಮ್ಮ ರಜೆ. ಟ್ರಯಲ್ ನೋಡುವಾಗ ಗಾಡಿಯೊಳಗೆ ಅಪ್ಪ, ಅವ್ವ, ನಾನು, ತಂಗಿ, ಒಂದು ಸ್ಟೋವು, ಎರಡು ಕೊಡ ನೀರು, ತಾಡಪತ್ರಿ, ಹಗ್ಗ, ರೊಟ್ಟಿಯ ಗಂಟು ಮತ್ತು ಅಜ್ಜ ಹೊಲಿದ ಗಾದಿ ಇರುತ್ತವೆ ಎಂಬುದನ್ನು ಮಾತ್ರ ಅಪ್ಪ ಯಾವ ಮಾಲಕರಿಗೂ ಹೇಳುತ್ತಿರಲಿಲ್ಲ. ಡೀಸೆಲ್ ತಾನೇ ಹಾಕಿಸುತ್ತಿದ್ದನಾದ್ದರಿಂದ ಅವನ ಮನಸ್ಸು ನಿರಾಳವಾಗಿತ್ತು. ಅವ್ವನದು ಇರಲಿಲ್ಲ. ಮಂದಿಯ ಗಾಡಿ ಎಂದು ಸೀಟಿನ ಮೇಲೆಲ್ಲ ಹಳೆಯ ಚಾದರ ಹಾಸುತ್ತಿದ್ದಳು. ನಾವು ಕೆರೆಯಿಂದ ಬಂದರೆ ಹತ್ತುವ ಮುನ್ನ ಕಾಲು ತೊಳೆಯಬೇಕು, ಒರೆಸಬೇಕು, ಬೆರಳ ಸಂದಿ ತೋರಿಸಬೇಕು. ಒಂದು ಹರಳು ಸಿಕ್ಕರೂ ಮತ್ತೆ ಇಳಿಸಿ ತೊಳೆಸುತ್ತಿದ್ದಳು. ನಾನು ಗೊಣಗುತ್ತಲೇ ತೊಳೆಯುತ್ತಿದ್ದೆ.

ಯಾವಾಗ ಹೋಗುವುದು ಎಂಬುದು ಯಾರಿಗೂ ಗೊತ್ತಿರುತ್ತಿರಲಿಲ್ಲ. ದೊಡ್ಡ ಗಾಡಿಯ ಎಂಜಿನ್ ಎಂದು ಮುಗಿಯುತ್ತದೋ ಅಂದು. ಶಾಲೆಯಿಂದ ಬಂದು ಚೀಲ ಇಡುವಷ್ಟರಲ್ಲಿ ಅಪ್ಪ ಬಾಗಿಲಲ್ಲಿ ನಿಂತು, "ಲಗೂ ತಯಾರಾಗ್ರಿ, ಟ್ರಯಲ್ ಗಾಡಿ ಬಂದೈತಿ" ಎನ್ನುತ್ತಿದ್ದ. ಎಂದು ತಿರುಗಿ ಬರುವುದು ಎಂಬುದೂ ಗೊತ್ತಿರುತ್ತಿರಲಿಲ್ಲ. ಮಾಲಕರ ಫೋನ್ ಬಂದರೆ ಕುದಿಯುವ ಅನ್ನವನ್ನೂ ಹಾಗೇ ಎತ್ತಿಕೊಂಡು ಹೊರಡುವುದು. ಒಂದು ಸಲ ಗಂಜಿ ಬಸಿಯದ ಅನ್ನದ ಪಾತ್ರೆಯನ್ನು ತೊಡೆಯ ಮೇಲಿಟ್ಟುಕೊಂಡು ನಾನು ಅಳ್ನಾವರದಿಂದ ಹುಬ್ಬಳ್ಳಿಯವರೆಗೆ ಬಂದಿದ್ದೇನೆ, ಅದೂ ನಲವತ್ತರ ವೇಗದಲ್ಲಿ. ಟ್ರ್ಯಾಕ್ಸ್, ಶಾಲೆಯ ವ್ಯಾನು, ಹಾಲಿನ ಟೆಂಪೊ, ಯಾವುದರಲ್ಲಿ ಹೋದರೂ ನಮ್ಮನ್ನು ಹಿಂದೆ ಹಾಕದ ವಾಹನ ಆ ರಸ್ತೆಯಲ್ಲಿ ಇರುತ್ತಿರಲಿಲ್ಲ. ಹುಲ್ಲು ಹೇರಿದ ಟ್ರ್ಯಾಕ್ಟರಿನವನು ಕೂಡ ಹಾರ್ನ್ ಹೊಡೆದು ಮುಂದೆ ಹೋಗುತ್ತಿದ್ದ. ನಾನು ಮುಂದಿನ ಸೀಟಿನ ತುದಿಗೆ ಬಂದು, "ಅಪ್ಪಾ, ಸ್ವಲ್ಪ ಜೋರ ಹೊಡಿ" ಎಂದು ಪೀಡಿಸುತ್ತಿದ್ದೆ. ಅವನ ಉತ್ತರ ಯಾವಾಗಲೂ ಒಂದೇ: "ತಾಳಿದಾಂವ ಬಾಳ್ಯಾನು." ಆ ಗಾದೆ ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಸುಖ ಇರಲಿಲ್ಲ ಎಂದಲ್ಲ. ನೀರಿನ ದಂಡೆಯಲ್ಲಿ ಗಾಡಿ ನಿಲ್ಲಿಸಿ, ಅದರ ಮಗ್ಗುಲಿಗೆ ತಾಡಪತ್ರಿ ಕಟ್ಟಿ, ಕೆಳಗೆ ಗಾದಿ ಹಾಸಿದ ಕೂಡಲೇ ತಂಗಿಯೂ ನಾನೂ ಅದರ ಮೇಲೆ ಬಿದ್ದು ಹೊರಳಾಡುತ್ತಿದ್ದೆವು. ಅವ್ವ ಮನೆಯಲ್ಲಿ ಹಾಡುವವಳಲ್ಲ, ಅಲ್ಲಿ ರೊಟ್ಟಿ ಬಿಸಿ ಮಾಡುತ್ತ ತನಗೆ ತಾನೇ ಏನೋ ಗುನುಗುತ್ತಿದ್ದಳು. ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಹಸಿ ಉಳ್ಳಾಗಡ್ಡಿ ತಿಂದರೆ ಹೊಟ್ಟೆ ತುಂಬುತ್ತಿತ್ತು, ಬಾಯಿ ಮಾತ್ರ ಇನ್ನೂ ಬೇಕು ಎನ್ನುತ್ತಿತ್ತು. ಆದರೆ ಅಪ್ಪ ಅರ್ಧ ಗಂಟೆಗೊಮ್ಮೆ ಎದ್ದು ಬಾನೆಟ್ ತೆಗೆದು ಎಣ್ಣೆ ಸೋರುತ್ತಿದೆಯೇ ನೋಡುತ್ತಿದ್ದ. ಅವ್ವ ಫೋನಿನ ಕಡೆ ನೋಡುತ್ತಿದ್ದಳು. ಬೆಳಗಾದರೆ ಗಂಟು ಕಟ್ಟುವುದು. ನನಗೆ ನೆನಪಿರುವ ಮಟ್ಟಿಗೆ ನಾವು ಎಲ್ಲಿಯೂ ಎರಡು ರಾತ್ರಿ ಉಳಿದವರಲ್ಲ. ಬೆಳಿಗ್ಗೆ ಎದ್ದು, ಇವತ್ತು ಹೊರಡುವುದಿಲ್ಲ ಎಂದುಕೊಂಡು ಮತ್ತೆ ಮಲಗುವ ಸುಖವೊಂದು ನನಗೆ ಬೇಕಾಗಿತ್ತು. ಆಗ ಜಗತ್ತಿನಲ್ಲಿ ನನಗೆ ಅದಕ್ಕಿಂತ ದೊಡ್ಡ ಆಸೆ ಇರಲಿಲ್ಲ.

ನನ್ನ ಒಂಬತ್ತನೇ ತರಗತಿಯ ಪರೀಕ್ಷೆ ಮುಗಿದ ಬೇಸಿಗೆ. ಒಂದು ಶನಿವಾರ ಅಪ್ಪ ಮನೆಯ ಮುಂದೆ ತಂದು ನಿಲ್ಲಿಸಿದ ಗಾಡಿಯನ್ನು ನೋಡಿ ಅವ್ವ ಕೈಯಲ್ಲಿದ್ದ ಹಿಟ್ಟನ್ನು ಹಾಗೇ ಹಿಡಿದು ನಿಂತಳು. ಅದು ಆಂಬುಲೆನ್ಸ್. ಊರಿನ ಒಬ್ಬ ಡಾಕ್ಟರ ಸಣ್ಣ ಆಸ್ಪತ್ರೆಯದು.

"ಹೆಣಾ ಹೊತ್ತ ಗಾಡ್ಯಾಗ ಬುತ್ತಿ ಇಟಗೊಂಡು ಹೋಗೂದೇನ್ರಿ?" ಎಂದಳು ಅವ್ವ.

"ಜೀವಾ ಉಳಿಸಿದ್ದೂ ಇದ ಗಾಡೀನ ಐತಿ. ಅದನ್ನ ನೋಡು," ಎಂದ ಅಪ್ಪ. ಆಮೇಲೆ ನನ್ನ ಕಡೆ ತಿರುಗಿ, "ಡಾಕ್ಟರು ಪರಊರಿಗೆ ಹೋಗ್ಯಾರ, ಸೋಮವಾರ ಬರತಾರ. ಈ ಸಲ ಎರಡು ರಾತ್ರಿ," ಎಂದ.

ಎರಡು ರಾತ್ರಿ! ಹೆಣವಲ್ಲ, ದೆವ್ವವನ್ನೇ ಹೊತ್ತ ಗಾಡಿಯಾಗಿದ್ದರೂ ನಾನು ಹತ್ತುತ್ತಿದ್ದೆ. ಅವ್ವ ಗಾಡಿಯ ಒಳಗೆಲ್ಲ ಫಿನಾಯಿಲ್ ಹಾಕಿ ಒರೆಸಿ, ಊದುಬತ್ತಿ ಹಚ್ಚಿ, ಚಾದರ ಹಾಸಿ, ಆಮೇಲೆ ಹತ್ತಿದಳು. ಸ್ಟ್ರೆಚರ್ ಮೇಲೆ ಪಾತ್ರೆಗಳು ಕೂತವು. ಸಲೈನ್ ಬಾಟಲಿ ತೂಗುಹಾಕುವ ಕೊಂಡಿಗೆ ತಂಗಿ ಬಾಳೆಹಣ್ಣಿನ ಗೊನೆ ಕಟ್ಟಿದಳು.

ಹುಬ್ಬಳ್ಳಿ ದಾಟುವವರೆಗೆ ನನಗೆ ರಾಜವೈಭೋಗ. ಆಂಬುಲೆನ್ಸ್ ಎಂದು ಬಸ್ಸುಗಳು ಸರಿದು ದಾರಿ ಕೊಟ್ಟವು. ಆದರೆ ದಾರಿ ಬಿಟ್ಟವರು ನಾವು ಹೋಗಲಿ ಎಂದು ಕಾದರೆ ನಾವು ಹೋಗುತ್ತಲೇ ಇರಲಿಲ್ಲ! ಅಪ್ಪ ನಲವತ್ತರ ಮುಳ್ಳಿನ ಮೇಲೆ ಕಣ್ಣಿಟ್ಟು ತೆವಳುತ್ತಿದ್ದ. ಕಲಘಟಗಿ ರಸ್ತೆಯಲ್ಲಿ ಒಬ್ಬ ಬೈಕಿನವನು ಪಕ್ಕಕ್ಕೆ ಬಂದು, "ಹಿಂಗ ಹೊಂಟ್ರ ಪೇಶಂಟು ದವಾಖಾನಿ ಮುಟ್ಟೂದರಾಗ ಸಾಯ್ತಾನೋ ಮಾರಾಯಾ!" ಎಂದು ಕೂಗಿ ಹೋದ. ತಂಗಿ ಬಿದ್ದು ಬಿದ್ದು ನಕ್ಕಳು. ನಾನು ನಾಚಿಕೆಯಿಂದ ತಲೆಯನ್ನು ಕಿಟಕಿಯ ಕೆಳಗೆ ಇಳಿಸಿಕೊಂಡೆ.

ಕಲಘಟಗಿ ದಾಟಿ, ಕಾಡಿನ ಅಂಚಿಗೆ ಒಂದು ಕೆರೆ. ಅರ್ಧ ಮೈಲಿ ಆಚೆ ಸಣ್ಣ ಹಳ್ಳಿ. ಅಪ್ಪ ಆ ಜಾಗವನ್ನು ಮೊದಲೇ ನೋಡಿಟ್ಟಿದ್ದ. ತಾಡಪತ್ರಿ ಕಟ್ಟಿದೆವು, ನೀರಿಗೆ ಇಳಿದೆವು, ಕಾಲು ತೊಳೆದೆವು. ಎಲ್ಲ ಸರಿಯಿತ್ತು. ಆದರೆ ಹಳ್ಳಿಯ ಪಕ್ಕದಲ್ಲಿ ಆಂಬುಲೆನ್ಸ್ ನಿಲ್ಲಿಸಿಕೊಂಡು ರೊಟ್ಟಿ ಸುಡುತ್ತ ಕೂತರೆ ಏನಾಗುತ್ತದೆ ಎಂಬ ಯೋಚನೆ ನಮ್ಮಲ್ಲಿ ಯಾರಿಗೂ ಬಂದಿರಲಿಲ್ಲ. ಗಾಡಿ ಎಂದರೆ ನಮಗೆ ಎಂಜಿನ್. ಅದರ ಮೇಲೆ ಏನು ಬರೆದಿದೆ ಎಂದು ನಾವು ಓದುತ್ತಲೇ ಇರಲಿಲ್ಲ.

ಸಂಜೆಗೆ ಮೊದಲು ಬಂದವನು ಮೊಣಕಾಲು ಹಿಡಿದುಕೊಂಡು ಕುಂಟುತ್ತ ಬಂದ ಒಬ್ಬ ಮುದುಕ. ಡಾಕ್ಟರು ಎಲ್ಲಿ ಎಂದು ಕೇಳಿದ. ಡಾಕ್ಟರಿಲ್ಲ, ನಾವು ಸುಮ್ಮನೆ ಬಂದವರು ಎಂದು ಅಪ್ಪ ಎಷ್ಟು ಹೇಳಿದರೂ ಅವನಿಗೆ ತಿಳಿಯಲಿಲ್ಲ. ಯಾರಾದರೂ ಆಂಬುಲೆನ್ಸಿನಲ್ಲಿ ಸುಮ್ಮನೆ ಬರುತ್ತಾರೆಯೇ? ಕೊನೆಗೆ ಅವ್ವ ತನ್ನ ನೋವಿನ ಮುಲಾಮು ಕೊಟ್ಟು, ಚಹಾ ಕುಡಿಸಿ ಕಳಿಸಿದಳು. ಅವನು ಹೋಗಿ ಏನು ಹೇಳಿದನೋ, ಕತ್ತಲಾಗುವುದರೊಳಗೆ ಇನ್ನೂ ಎಂಟು ಜನ ಬಂದರು. ಕೆಮ್ಮು, ತಲೆನೋವು, ಕಣ್ಣಲ್ಲಿ ನೀರು. ಅವ್ವ ಎಲ್ಲರಿಗೂ ಶುಂಠಿ ಹಾಕಿದ ಚಹಾ ಕೊಟ್ಟಳು. ನಮ್ಮ ಸಕ್ಕರೆ ಖಾಲಿಯಾಯಿತು. ನನಗೆ ಸಿಟ್ಟು ಬಂದು ಗಾದಿಯ ಮೇಲೆ ಮುಖ ಕೆಳಗೆ ಮಾಡಿ ಮಲಗಿದೆ.

ಮರುದಿನ, ರವಿವಾರ, ನನಗೆ ಬೇಕಾಗಿದ್ದ ಬೆಳಗು ಬಂತು. ಕಣ್ಣು ಬಿಟ್ಟೆ, ಇವತ್ತು ಹೊರಡುವುದಿಲ್ಲ ಎಂದುಕೊಂಡೆ, ಮತ್ತೆ ಮುಚ್ಚಿದೆ. ಎಷ್ಟು ಹೊತ್ತು ಮಲಗಿದ್ದೆನೋ ಗೊತ್ತಿಲ್ಲ, ಯಾರೋ ಕೂಗಿಕೊಂಡು ಬರುವುದು ಕೇಳಿಸಿತು. ನಿನ್ನೆಯ ಮೊಣಕಾಲಿನ ಮುದುಕ. ಈಗ ಕುಂಟುತ್ತಲೇ ಓಡುತ್ತಿದ್ದ.

ಅವನ ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಬೆಳಗಿನ ಜಾವದಿಂದ ನೋವು. ಸೂಲಗಿತ್ತಿ ನೋಡಿ, ಕೂಸು ಅಡ್ಡ ಇದೆ, ನನ್ನ ಕೈಯಿಂದ ಆಗುವುದಿಲ್ಲ ಎಂದಿದ್ದಳು. ಅಳಿಯ ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶದಲ್ಲಿ ಕೆಲಸದ ಮೇಲಿದ್ದ. ಹಳ್ಳಿಯಲ್ಲಿ ಬೇರೆ ಗಾಡಿ ಇರಲಿಲ್ಲ, ಫೋನಿಗೆ ಸಿಗ್ನಲ್ ಇರಲಿಲ್ಲ, ಬಸ್ಸು ಮಧ್ಯಾಹ್ನಕ್ಕೆ. ಇಷ್ಟನ್ನೂ ಅವನು ಒಂದೇ ಉಸಿರಿನಲ್ಲಿ ಹೇಳಿ, ಅಪ್ಪನ ಎರಡೂ ಕೈ ಹಿಡಿದುಕೊಂಡು, "ಗಾಡಿ ತಗೀರಿ ಯಪ್ಪಾ" ಎಂದ.

ಅಪ್ಪ ಗಾಡಿಯನ್ನು ನೋಡಿದ. ಕಲಘಟಗಿಯ ದೊಡ್ಡಾಸ್ಪತ್ರೆ ಇಪ್ಪತ್ತೈದು ಕಿಲೋಮೀಟರು. ಆ ಎಂಜಿನ್ ಕಟ್ಟಿ ಇನ್ನೂ ಎರಡು ದಿನ ಆಗಿರಲಿಲ್ಲ.

ಆಗ ನಾನು ಗಾದಿಯ ಮೇಲೆ ಎದ್ದು ಕೂತು ಹೇಳಿದೆ: "ಅಪ್ಪಾ, ಇದು ರಿಪೇರಿ ಗಾಡಿ ಐತಿ. ಅವರಿಗೆ ಹೇಳು."

ಯಾಕೆ ಹೇಳಿದೆ ಎಂಬುದನ್ನು ಇಲ್ಲಿಯಾದರೂ ನೇರವಾಗಿ ಬರೆಯುತ್ತೇನೆ. ಎಂಜಿನ್ ನನ್ನ ತಲೆಯಲ್ಲಿ ಇರಲೇ ಇಲ್ಲ. ಆ ಹುಡುಗಿಯೂ ಇರಲಿಲ್ಲ. ಗಾಡಿ ಹೋದರೆ ನನ್ನ ಎರಡನೆಯ ರಾತ್ರಿ ಹೋಗುತ್ತದೆ ಎಂಬುದಷ್ಟೇ ಇತ್ತು. ಅಪ್ಪ ಒಮ್ಮೆ ನನ್ನ ಮುಖ ನೋಡಿದ. ಇವನಿಗೆ ತಿಳಿಯಿತು ಎಂದುಕೊಂಡೆ.

ಅಷ್ಟರಲ್ಲಿ ಅವ್ವ ಸ್ಟ್ರೆಚರ್ ಮೇಲಿನ ಪಾತ್ರೆಗಳನ್ನು ಹೊರಗೆ ಎಸೆಯಲು ಸುರುಮಾಡಿದ್ದಳು. ಒಂದು ಹರಳಿಗೆ ನಮ್ಮ ಕಾಲು ತೊಳೆಸುತ್ತಿದ್ದವಳು ಕೆಸರುಗಾಲಲ್ಲೇ ಗಾಡಿ ಹತ್ತಿದಳು. "ಏಳ ಮ್ಯಾಲೆ!" ಎಂದು ನನ್ನನ್ನು ಎಬ್ಬಿಸಿ, ನನ್ನ ಕೆಳಗಿದ್ದ ಗಾದಿ ಎಳೆದು ಸ್ಟ್ರೆಚರ್ ಮೇಲೆ ಹಾಸಿದಳು. ಹಳ್ಳಿಯೊಳಗೆ ಹೋಗಿ ಹುಡುಗಿಯನ್ನೂ ಅವಳ ತಾಯಿಯನ್ನೂ ಹತ್ತಿಸಿಕೊಂಡರು. ಅವ್ವ ಅವಳ ತಲೆಯ ಬಳಿ ಕೂತಳು. ನಮ್ಮನ್ನು ನೋಡಿಕೊಳ್ಳಲು ಮುದುಕನನ್ನೂ ನೆರೆಮನೆಯ ಇಬ್ಬರು ಹೆಂಗಸರನ್ನೂ ಬಿಟ್ಟು ಗಾಡಿ ಹೋಯಿತು. ಕೊಂಡಿಗೆ ಕಟ್ಟಿದ್ದ ಬಾಳೆಗೊನೆಯನ್ನು ಯಾರೂ ಬಿಚ್ಚಿರಲಿಲ್ಲ.

ಆ ದಿನ ಕಾದಷ್ಟು ನಾನು ಆಮೇಲೆ ಎಂದೂ ಕಾದಿಲ್ಲ. ಕೆರೆಯಿಂದ ರಸ್ತೆಗೆ ಹೋಗುವುದು, ನೋಡುವುದು, ತಿರುಗಿ ಬರುವುದು. ಕೂತರೆ ಮೈಮೇಲೆ ಇರುವೆ ಹರಿದಂತೆ. ಎದುರಿಗೆ ಅಷ್ಟು ನೀರಿತ್ತು, ಇಳಿಯಬೇಕು ಎನಿಸಲಿಲ್ಲ. ಹೆಂಗಸರು ಅನ್ನ ಸಾರು ತಂದರು, ತಂಗಿ ಉಂಡಳು, ನಾನು ತಟ್ಟೆ ಬಿಟ್ಟು ಮತ್ತೆ ರಸ್ತೆಗೆ ಹೋದೆ. ಮುದುಕನೂ ಕೂರುತ್ತಿರಲಿಲ್ಲ. ನಾನು ರಸ್ತೆಗೆ ಹೋದರೆ ಅವನೂ ಕುಂಟುತ್ತ ಹಿಂದೆ ಬರುತ್ತಿದ್ದ.

"ನಿಮ್ಮಪ್ಪ ಗಾಡಿ ಜೋರ ಹೊಡೀತಾನಲ್ಲವಾ?" ಎಂದು ಕೇಳಿದ.

"ಹೂಂ," ಎಂದೆ.

ಸ್ವಲ್ಪ ಹೊತ್ತಾದ ಮೇಲೆ ಮತ್ತೆ ಅದನ್ನೇ ಕೇಳಿದ. ನಾನು ಮತ್ತೆ ಹೂಂ ಎಂದೆ. ನಿಜ ಏನೆಂದರೆ ಟ್ರಯಲ್ ಗಾಡಿಯಲ್ಲಿ ಅಪ್ಪ ನಲವತ್ತು ದಾಟಿದ್ದನ್ನು ನಾನು ಒಮ್ಮೆಯೂ ನೋಡಿರಲಿಲ್ಲ. ಜೋರಾಗಿ ಹೋದರೆ ಎಂಜಿನ್ ಜಾಮ್ ಆಗಿ ಕಾಡಿನ ದಾರಿಯಲ್ಲಿ ನಿಲ್ಲುತ್ತದೆ. ಮೆಲ್ಲಗೆ ಹೋದರೆ ಬೈಕಿನವನು ಹೇಳಿದ ಹಾಗೆ ಆಗುತ್ತದೆ. ಎರಡರಲ್ಲಿ ಯಾವುದನ್ನು ಬೇಡಿಕೊಳ್ಳಬೇಕು ಎಂಬುದೇ ನನಗೆ ತಿಳಿಯಲಿಲ್ಲ. ಅದಕ್ಕಿಂತ ಹೆಚ್ಚಾಗಿ, ನಾನು ಆಡಿದ ಮಾತಿನಿಂದ ಅಪ್ಪ ಎಷ್ಟು ಹೊತ್ತು ತಡಮಾಡಿದ ಎಂದು ಮನಸ್ಸಿನಲ್ಲೇ ಅಳೆಯುತ್ತಿದ್ದೆ. ಆ ಹುಡುಗಿ ಸತ್ತರೆ ಅದರಲ್ಲಿ ನನ್ನದೂ ಪಾಲಿದೆ ಎಂದು ನಾನು ಖಚಿತವಾಗಿ ನಂಬಿದ್ದೆ.

ಹೊತ್ತು ಮುಳುಗುವ ಮುಂಚೆ ಗಾಡಿ ಕಾಣಿಸಿತು. ಮೆಲ್ಲಗೆ ಬರುತ್ತಿತ್ತು. ಆ ನಿಧಾನವನ್ನು ನೋಡಿ ಮುದುಕ ರಸ್ತೆಯ ನಡುವೆಯೇ ಕುಸಿದು ಕೂತುಬಿಟ್ಟ. ಅವ್ವ ಕಿಟಕಿಯಿಂದ ಅರ್ಧ ಹೊರಗೆ ಬಂದು ಕೂಗಿದಳು: "ಮೊಮ್ಮಗಳು ಬಂದಾಳ್ರಿ ಅಜ್ಜಾರ! ತಾಯಿ ಮಗಳು ಇಬ್ಬರೂ ಆರಾಮ ಅದಾರ!"

ಮುದುಕ ಅತ್ತ. ನಾನೂ ಅತ್ತೆ. ಯಾರೂ ಯಾಕೆ ಎಂದು ಕೇಳಲಿಲ್ಲ.

ನಡೆದದ್ದನ್ನು ಅವ್ವ ರೊಟ್ಟಿ ಮುರಿಯುತ್ತ ಹೇಳಿದಳು. ದಾರಿಯುದ್ದಕ್ಕೂ ಹುಡುಗಿ ಚೀರುತ್ತಿದ್ದಳಂತೆ. ಅವಳ ತಾಯಿ ಅಪ್ಪನಿಗೆ ಕೈ ಮುಗಿದಳಂತೆ, ಆಮೇಲೆ ಶಾಪ ಹಾಕಿದಳಂತೆ. "ನಾನೂ ಬೈದೆ. ಬಾಯಿಗೆ ಬಂದಂಗ ಬೈದೆ. ಕಲ್ಲಾಗೀರೇನು ಅಂದೆ. ಇವರು ಸೈರನ್ ಹಾಕಿಕೊಂಡು ನಲವತ್ತರಾಗ ಹೊಂಟಿದ್ರು. ನಲವತ್ತೊಂದು ಮಾಡ್ಲಿಲ್ಲ." ಹೇಳುತ್ತ ಹೇಳುತ್ತ ಅವಳ ಧ್ವನಿ ಇಳಿಯಿತು. ಬೈದದ್ದಕ್ಕೆ ಕ್ಷಮೆ ಕೇಳುವವಳಲ್ಲ ಅವಳು. ಉಳಿದಿದ್ದ ಮೆತ್ತಗಿನ ರೊಟ್ಟಿಯನ್ನು ಅಪ್ಪನ ತಟ್ಟೆಗೆ ಹಾಕಿದಳು, ಇದ್ದ ಒಂದು ಚಮಚ ತುಪ್ಪವನ್ನೂ ಅದರ ಮೇಲೆ ಸುರಿದಳು. ಗಾದಿಯನ್ನು ಬಾಣಂತಿಗೆ ಇರಲಿ ಎಂದು ಆಸ್ಪತ್ರೆಯಲ್ಲೇ ಬಿಟ್ಟು ಬಂದಿದ್ದಳು.

ಅಪ್ಪ ಆ ಸಂಜೆ ಬಾನೆಟ್ ತೆಗೆಯಲಿಲ್ಲ. "ಇಂಜಿನ್ ಆರಲಿ. ನಾಳೆ ಮುಂಜಾನೆ ಹೋಗೂಣು," ಎಂದ. ಹೀಗೆ ನನಗೆ ಬೇಕಾಗಿದ್ದ ಎರಡನೆಯ ರಾತ್ರಿ ಸಿಕ್ಕಿತು. ಗಾದಿ ಇಲ್ಲದ ಬರಿನೆಲದ ಮೇಲೆ ನಾನು ಮಗ್ಗುಲು ಬದಲಿಸುತ್ತ, ಈಗಲೇ ಮನೆಗೆ ಹೋಗೋಣ ಎಂದು ಅವ್ವನಿಗೆ ಪಿಸುಗುಟ್ಟಿದೆ. "ಬೇಯೂ ತನಕಾ ಇದ್ದಾಕಿಗೆ ಆರೂ ತನಕಾ ಇರಾಕ ಆಗೂದಿಲ್ಲೇನ?" ಎಂದು ಅವಳು ಗದರಿದಳು.

ಬೆಳಿಗ್ಗೆ ಗಂಟು ಕಟ್ಟುವಾಗ ನಾನು ಅಪ್ಪನ ಹತ್ತಿರ ಹೋದೆ. ತಪ್ಪಾಯಿತು ಎಂದು ಹೇಳಲು ಮಾತು ಜೋಡಿಸಿಕೊಂಡಿದ್ದೆ. "ಅಪ್ಪಾ, ನಿನ್ನೆ ನಾ ಹಂಗ ಅಂದೆ ನೋಡು..." ಎಂದು ಸುರುಮಾಡಿದೆ.

ಅವನು ನನ್ನ ಮಾತು ಮುಗಿಯಲು ಬಿಡಲಿಲ್ಲ. ತಲೆಯ ಮೇಲೆ ಕೈ ಇಟ್ಟ. "ಛಲೋ ಹೇಳಿದಿ ಯವ್ವಾ. ಆ ಅಜ್ಜ ಕೈ ಹಿಡಕೊಂಡಾಗ ನನಗ ಏನೂ ತಿಳೀಲಿಲ್ಲ. ಎಂಬತ್ತರಾಗ ಹೊಡದು ಬಿಡಬೇಕಂತ ಮಾಡಿದ್ದೆ. ನೀ ರಿಪೇರಿ ಗಾಡಿ ಐತಿ ಅಂದಿ, ನೆನಪಾತು. ಹೊಡದಿದ್ರ ಕಾಡಿನ್ಯಾಗ ನಿಲ್ಲತಿತ್ತು, ಎರಡು ಜೀವಾ ಹೋಗತಿದ್ದವು."

ನಾನು ಬಾಯಿ ತೆರೆದೆ. ಅಪ್ಪ ಆಗಲೇ ಹಗ್ಗ ಸುತ್ತುತ್ತಿದ್ದ.

ಸೋಮವಾರ ಅಪ್ಪ ತಾನಾಗಿಯೇ ಹೋಗಿ ಡಾಕ್ಟರಿಗೆ ಎಲ್ಲವನ್ನೂ ಹೇಳಿದ. ಅವರು ಏನೂ ಅನ್ನಲಿಲ್ಲವಂತೆ, ಆದರೆ ಮುಂದೆ ಆ ಗಾಡಿ ರಿಪೇರಿಗೆ ಬೇರೆ ಗ್ಯಾರೇಜಿಗೆ ಹೋಯಿತು. ಅಪ್ಪನೂ ಮಂದಿಯ ಗಾಡಿಯಲ್ಲಿ ನಮ್ಮನ್ನು ಕರೆದುಕೊಂಡು ಹೋಗುವುದನ್ನು ಅಲ್ಲಿಗೆ ನಿಲ್ಲಿಸಿದ.

ಈಗ ನನ್ನದೇ ಕಾರಿದೆ, ಚೀಲದಲ್ಲಿ ಮಡಿಚಿಡುವ ಟೆಂಟ್ ಇದೆ. ವರ್ಷಕ್ಕೊಮ್ಮೆ ಅಪ್ಪ, ಅವ್ವ, ತಂಗಿ, ನಮ್ಮ ಮಕ್ಕಳು ಎಲ್ಲ ಸೇರಿ ಎಲ್ಲಿಯಾದರೂ ನೀರಿನ ದಂಡೆಗೆ ಹೋಗುತ್ತೇವೆ. ಎರಡಲ್ಲ, ಮೂರು ರಾತ್ರಿ ಉಳಿದರೂ ಕೇಳುವವರಿಲ್ಲ. ಉಂಡು ಕೈ ತೊಳೆದ ಮೇಲೆ ಅಪ್ಪ ಮೊಮ್ಮಕ್ಕಳನ್ನು ಸುತ್ತ ಕೂರಿಸಿಕೊಂಡು ಆಂಬುಲೆನ್ಸಿನ ಕತೆ ತೆಗೆಯುತ್ತಾನೆ. ಬೈಕಿನವನು ಬರುತ್ತಾನೆ, ಬಾಳೆಗೊನೆ ಬರುತ್ತದೆ, ಅವ್ವನ ಬೈಗುಳ ಬರುತ್ತದೆ. ಕತೆ ಎಲ್ಲಿಗೆ ಹೋಗುತ್ತಿದೆ ಎಂದು ನನಗೆ ಗೊತ್ತು. "ಅವತ್ತು ನನ್ನ ಬುದ್ಧಿ ಕೆಟ್ಟಿತ್ತು," ಎನ್ನುತ್ತಾನೆ ಅಪ್ಪ ನನ್ನ ಮಗಳ ಕಡೆ ನೋಡಿ, "ನಿಮ್ಮವ್ವ ಇದ್ಲಂತ ಎರಡು ಜೀವಾ ಉಳದ್ವು."

ಮಗಳು ಹೆಮ್ಮೆಯಿಂದ ನನ್ನ ಮುಖ ನೋಡಲು ತಿರುಗುತ್ತಾಳೆ. ಅಷ್ಟರಲ್ಲಿ ನಾನು ಎದ್ದು, ತೊಳೆದಿಟ್ಟ ಪಾತ್ರೆಗಳನ್ನು ಮತ್ತೊಮ್ಮೆ ತೊಳೆಯಲು ನೀರಿನ ಕಡೆ ಹೊರಟಿರುತ್ತೇನೆ.